ಏಲಕ್ಕಿ ವಾಸನೆಯ ಪಿಟೀಲು

ನೀವು ಕೇಳಿದ ಕಛೇರಿಗಳಲ್ಲಿ ಮರೆಯಲಾಗದ್ದು ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಉತ್ತರ. ಕೇಳಿದವರಿಗೆ ಪಾಪ, ಯಾವುದೋ ದೊಡ್ಡ ವಿದ್ವಾಂಸರ ಸುದ್ದಿ ಬೇಕಾಗಿರುತ್ತದೆ. ನನ್ನ ಹತ್ತಿರ ಇರುವುದು ಅಕ್ಕನ ಕಛೇರಿ. ಅದನ್ನು ನೇರವಾಗಿ ಹೇಳಲು ಇವತ್ತಿಗೂ ನನ್ನಿಂದಾಗದು. ಅದಕ್ಕೇ ಬೇರೆಯವರಿಂದ ಶುರು ಮಾಡುತ್ತೇನೆ.

ಅಪ್ಪ ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ನಾನು ಚಿಕ್ಕವಳಿದ್ದಾಗಲೇ ಅಮ್ಮ ಹೋದಳು. ನನಗೂ ಅಕ್ಕನಿಗೂ ಜಡೆ ಹೆಣೆದದ್ದು, ಜ್ವರ ಬಂದರೆ ಗಂಜಿ ಕುಡಿಸಿದ್ದು ಎಲ್ಲ ಅಪ್ಪನೇ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಸಂಗೀತ ಎಂದರೆ ರೇಡಿಯೊ, ಇಲ್ಲವೇ ಕ್ಯಾಸೆಟ್ಟು, ಅದೂ ಸಾಲದಿದ್ದರೆ ಬಸ್ಸು ಹತ್ತಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋಗಬೇಕು. ಅಪ್ಪನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೂ ನಮ್ಮಿಬ್ಬರನ್ನು ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ತಾಳ ತಪ್ಪಿ ತೊಡೆ ತಟ್ಟುತ್ತಿದ್ದರು. ಮುಂದಿನ ಸಾಲಿನವರು ತಿರುಗಿ ನೋಡಿದರೆ ಇನ್ನೂ ಜೋರಾಗಿ ತಟ್ಟುತ್ತಿದ್ದರು.

ಮಲ್ಲಂದೂರಿನಲ್ಲಿ ಸಾಹುಕಾರರೊಬ್ಬರ ಕಾಫಿ ಕಣದಲ್ಲಿ ಕೇಳಿದ ಕೊಳಲು ನೆನಪಿದೆ. ಕಾಫಿ ಹೂ ಅರಳಿದ ವಾರ ಅದು, ಎಲ್ಲೆಲ್ಲೂ ಜೇನುಹುಳ. ಒಂದು ಹುಳ ಬಂದು ಕೊಳಲಿನವರ ಬೆರಳ ಮೇಲೇ ಕೂತಿತು. ಮನುಷ್ಯ ಕಣ್ಣು ತೆರೆಯಲಿಲ್ಲ. ರಾಗ ಪೂರ್ತಿ ಮುಗಿಸಿ, ಕೊಳಲು ಕೆಳಗಿಟ್ಟು, 'ಅಯ್ಯಪ್ಪಾ, ಕಚ್ಚಿಬಿಡ್ತು' ಎಂದರು. ಮೂಡಿಗೆರೆಯ ಶಾಲೆಯ ಸಭಾಂಗಣದಲ್ಲಿ ನೋಡಿದ ಒಬ್ಬ ಘಟದ ವಿದ್ವಾಂಸರಿದ್ದರು. ಅವರ ಹೊಟ್ಟೆ ಯಾವುದು, ಘಟ ಯಾವುದು ಎಂದು ದೂರದಿಂದ ಗೊತ್ತಾಗುತ್ತಿರಲಿಲ್ಲ. ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಲಕ್ಷಣವೇ ಇಲ್ಲದೆ ನಾವೆಲ್ಲ ಆಕಳಿಸುತ್ತಿದ್ದಾಗ ಕರೆಂಟು ಹೋಗಿ ಮೈಕು ಸತ್ತಿತು. ಘಟದವರು ಮೇಲೆ ನೋಡಿ ಕೈಮುಗಿದು ಘಟ ಬಾರಿಸಲು ಶುರುಮಾಡಿಯೇಬಿಟ್ಟರು. ಅಂಥ ನಗು ಆ ಊರಿನಲ್ಲಿ ನಾನು ಮತ್ತೆ ಕೇಳಲಿಲ್ಲ.

ಇನ್ನು ಅಕ್ಕ. ನನಗೆ ಬಂದದ್ದು ಕೇಳುವ ಹುಚ್ಚು ಮಾತ್ರ; ಅವಳಿಗೆ ವಿದ್ಯೆಯೇ ಒಲಿದಿತ್ತು. ಶನಿವಾರ ಶನಿವಾರ ಪಿಟೀಲಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಚಿಕ್ಕಮಗಳೂರಿನ ಬಸ್ಸಿನಲ್ಲಿ ಮೇಷ್ಟರ ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಅವಳ ಇನ್ನೊಬ್ಬ ಗುರು ಕ್ಯಾಸೆಟ್ಟಿನಲ್ಲಿದ್ದರು: ಮೈಸೂರಿನ ಒಬ್ಬ ಹಾಡುವ ವಿದುಷಿ. ಅವರ ತೋಡಿ ರಾಗ ಕೇಳಿದರೆ ಅಕ್ಕನಿಗೆ ಊಟ ಬೇಡ, ನಿದ್ದೆ ಬೇಡ. ಕಛೇರಿಯಲ್ಲಿ ಒಂದು ಪದ್ಧತಿ ಇದೆ. ಹಾಡುವವರು ರಾಗವನ್ನು ವಿಸ್ತಾರವಾಗಿ ಹಾಡಿ ನಿಲ್ಲಿಸುತ್ತಾರೆ. ಆಗ ಪಿಟೀಲಿನವರ ಸರದಿ. ಅಷ್ಟು ಹೊತ್ತು ಹಿಂದೆ ಹಿಂದೆ ಬಂದ ಪಕ್ಕವಾದ್ಯ ಆಗ ಒಂಟಿಯಾಗಿ ಅದೇ ರಾಗವನ್ನು ತನ್ನದಾಗಿ ನುಡಿಸುತ್ತದೆ. ಕ್ಯಾಸೆಟ್ಟು ಆ ಜಾಗಕ್ಕೆ ಬಂದ ಕೂಡಲೇ ಅಕ್ಕ ಟೇಪನ್ನು ಟಕ್ ಎಂದು ನಿಲ್ಲಿಸಿ, ತಾನು ನುಡಿಸುತ್ತಿದ್ದಳು. ಅವಳದ್ದು ಮುಗಿದ ಮೇಲೆ ಮತ್ತೆ ಟೇಪು. ಪಾಪ, ಆ ಕ್ಯಾಸೆಟ್ಟಿನ ಪಿಟೀಲುವಾದಕರಿಗೆ ನಮ್ಮ ಮನೆಯಲ್ಲಿ ಸರದಿಯೇ ಸಿಗುತ್ತಿರಲಿಲ್ಲ.

ಆ ವಿದುಷಿಯೇ ಚಿಕ್ಕಮಗಳೂರಿನ ಗಣಪತಿ ಉತ್ಸವಕ್ಕೆ ಹಾಡಲು ಬರುತ್ತಾರೆ ಎಂದಾಗ ನಾವು ಹುಚ್ಚರಾದೆವು. ಅವರಿಗೆ ಪಿಟೀಲು ನುಡಿಸಬೇಕಾಗಿದ್ದವರು ನಮ್ಮ ಮೇಷ್ಟರು. ಮೇಷ್ಟರ ಮಗಳಿಗೆ ಹೆರಿಗೆ ಹತ್ತಿರವಾಗಿ ಅವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೊರಡಬೇಕಾಯಿತು. ಹೊರಡುವ ಮೊದಲು ಎಸ್ಟೇಟಿಗೆ ಫೋನು ಮಾಡಿ ಅಕ್ಕನಿಗೆ ಹೇಳಿದರು: "ನನ್ನ ಬದಲಿಗೆ ನೀನು ಕೂತ್ಕೊ. ಅವರಿಗೆ ಊರೂರಿಗೆ ಜೊತೆಗೆ ಬರೋಕೆ ಒಬ್ಬ ಹುಡುಗಿ ಬೇಕಂತೆ. ಮೈಸೂರಲ್ಲಿ ಅವರ ಮನೇಲೇ ಇದ್ದು ಕಲೀಬಹುದು. ನಿನ್ನ ಕೇಳಿ ನೋಡಿ ಆಮೇಲೆ ಹೇಳ್ತಾರಂತೆ."

ಅಕ್ಕ ಫೋನು ಇಟ್ಟು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. "ಇದೊಂದು ಕೈ ತಪ್ಪಿದ್ರೆ ನಾನು ಇಲ್ಲೇ ಏಲಕ್ಕಿ ಆರಿಸ್ತಾ ಮುದುಕಿ ಆಗ್ತೀನಿ ನೋಡು" ಎಂದಳು. ನಕ್ಕುಕೊಂಡು ಹೇಳಿದ್ದಲ್ಲ.

ಆ ವರ್ಷದ ಮಳೆಗೆ ಹೇಳುವವರು ಕೇಳುವವರು ಇರಲಿಲ್ಲ. ಮನೆಯ ಚಪ್ಪಲಿ, ಬೆಲ್ಟು, ದೇವರ ಪಟ ಎಲ್ಲಕ್ಕೂ ಬೂಷ್ಟು. ಪಿಟೀಲೂ ಅದರ ಹೊರತಲ್ಲ. "ತಂತಿ ಬಿಗಿಯೋ ಬಿರಡೆ ಉಬ್ಬಿ ಕೂತಿದೆ, ತಿರುಗೋದೇ ಇಲ್ಲ. ಸ್ವರ ಕೇಳಿ ಅಪ್ಪ, ಗೋಣಿಚೀಲದೊಳಗಿಂದ ಬಂದ ಹಾಗಿದೆ" ಎಂದು ಅಕ್ಕ ಗೋಳಾಡುತ್ತಿದ್ದಳು. ಅಪ್ಪ ಪಿಟೀಲನ್ನು ಎತ್ತಿ ಮೂಸಿದರು, ಉಗುರಿನಿಂದ ತಟ್ಟಿದರು. ಕಾಫಿ ಪಾರ್ಚ್‌ಮೆಂಟ್ ಒಣಗಿತೋ ಇಲ್ಲವೋ ಎಂದು ಆ ಸಿಪ್ಪೆ ತೆಗೆದು ತೊಳೆದ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಹೇಳುತ್ತಿದ್ದ ಮನುಷ್ಯ ಅವರು. ಪುಣ್ಯಕ್ಕೆ ಪಿಟೀಲನ್ನು ಕಚ್ಚಲಿಲ್ಲ. "ಹಸಿ ಉಂಟು ಮಾರಾಯ್ತಿ. ಬೇರೆ ಎಂಥ ರೋಗವೂ ಅಲ್ಲ" ಎಂದರು.

ನಮ್ಮ ಕಡೆ ಮಳೆಗಾಲದಲ್ಲಿ ಹಸಿಯಾದದ್ದಕ್ಕೆಲ್ಲ ಒಂದೇ ಮದ್ದು: ಬೆಂಕಿ. ಬೀಜದ ಭತ್ತವಿರಲಿ, ಮಕ್ಕಳ ಪುಸ್ತಕವಿರಲಿ, ಒಲೆಯ ಮೇಲಿನ ಅಟ್ಟಕ್ಕೆ ಹೋಗಲೇಬೇಕು. ಪಿಟೀಲು ದೊಡ್ಡ ಪದಾರ್ಥ, ಅದಕ್ಕೆ ಒಲೆಯ ಹೊಗೆ ಮರ್ಯಾದೆಯಲ್ಲ ಎಂದು ಅಪ್ಪನಿಗೆ ಅನ್ನಿಸಿತು. ಕಛೇರಿಯ ಹಿಂದಿನ ದಿನ ಅದನ್ನು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗಿ, ಎಸ್ಟೇಟಿನ ಏಲಕ್ಕಿ ಒಣಗಿಸುವ ಕೋಣೆಯಲ್ಲಿ ಮೇಲಿನ ತಟ್ಟೆಯ ಮೇಲೆ ಇಟ್ಟುಬಂದರು. ಆ ಕೋಣೆಯೊಳಗೆ ಬೆಂಕಿಯ ಕೊಳವೆ ಹಾಯುತ್ತದೆ, ಹೊಗೆ ಹೊರಗೆ ಹೋಗುತ್ತದೆ, ಒಳಗೆ ಬರೀ ಕಾವು. ಹಸಿರು ಏಲಕ್ಕಿಯ ಬಣ್ಣ ಕೂಡ ಕೆಡದೆ ಒಣಗುವ ಜಾಗ. ಅಕ್ಕ ಅವತ್ತು ಸೀರೆಗೆ ರವಿಕೆ ಹೊಲಿಸಲು ಬಾಳೂರಿಗೆ ಹೋಗಿದ್ದವಳು ಸುಸ್ತಾಗಿ ಬಂದು ಮಲಗಿದಳು. ಪೆಟ್ಟಿಗೆ ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ, "ಬೆಳಗ್ಗೆ ನೋಡು, ಹೊಸ ಪಿಟೀಲು ಕೊಡ್ತೀನಿ" ಎಂದಿದ್ದರು.

ಬೆಳಗ್ಗೆ ಪೆಟ್ಟಿಗೆ ತಂದು ಜಗಲಿಯ ಮೇಲಿಟ್ಟರು. ಅಪ್ಪನ ಮುಖ ನೋಡಬೇಕಿತ್ತು ನೀವು. "ತೆಗಿ ಮಗಾ, ಗರಿಗರಿ ಒಣಗಿದೆ" ಎಂದರು. ಅಕ್ಕ ತೆಗೆದಳು. ಗಮ್ಮೆಂದು ಏಲಕ್ಕಿ ವಾಸನೆ. ಪಿಟೀಲಿನ ಎದೆಯ ಹಲಗೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಅಂಟು ಕರಗಿ ಕತ್ತು ವಾಲಿತ್ತು. ತಂತಿಗಳು ಸಡಿಲವಾಗಿ ಬಿದ್ದಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಜನ ನಗುತ್ತಾರಲ್ಲ, ಆ ಗಾದೆ ಯಾರಾದರೂ ನನ್ನೆದುರು ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಕ್ಕ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಸೀಳಿನ ಮೇಲೆ ಬೆರಳಾಡಿಸಿದಳು. ಅಪ್ಪ, "ಏಲಕ್ಕಿಗೇ ಏನೂ ಆಗಲ್ವಲ್ಲ ಮಗಾ… ಅಷ್ಟು ನಾಜೂಕು ಏಲಕ್ಕಿಗೇ ಏನೂ ಆಗಲ್ವಲ್ಲ…" ಎನ್ನುತ್ತ ನಿಂತಿದ್ದರು. ಅವರ ಗಂಟಲಿನಿಂದ ಅಂಥ ಸಣ್ಣ ಸ್ವರ ಬರುವುದನ್ನು ನಾನು ಕೇಳಿರಲಿಲ್ಲ.

ನಮ್ಮ ಎಸ್ಟೇಟಿನ ಸಾಹುಕಾರರ ಜೀಪು ಬೇಡಿ ತಂದು ಚಿಕ್ಕಮಗಳೂರಿಗೆ ಓಡಿದೆವು. ಮೇಷ್ಟರ ಮನೆಗೆ ಬೀಗ. ಮರಗೆಲಸದವರು ನೋಡಿ, "ಅಂಟು ಹಾಕಿ ವಾರ ಬಿಗಿದಿಡಬೇಕಮ್ಮ" ಎಂದರು. ಪಿಟೀಲು ಕಲಿಯುತ್ತಿದ್ದ ಒಂದಿಬ್ಬರ ಮನೆ ಗೊತ್ತಿತ್ತು. ಒಂದು ಕಡೆ ಚಿಕ್ಕ ಮಕ್ಕಳ ಪಿಟೀಲು, ಇನ್ನೊಂದು ಕಡೆ ಮನೆಯಲ್ಲಿ ಯಾರೂ ಇಲ್ಲ. ಅಪ್ಪ ಮಳೆಯಲ್ಲಿ ಕೊಡೆಯಿಲ್ಲದೆ ಅಂಗಡಿ ಅಂಗಡಿ ಹತ್ತಿ, "ಪಿಟೀಲು ಇರೋರು ಯಾರಾದ್ರೂ ಗೊತ್ತಾ?" ಎಂದು ಕೇಳುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೂಡ ಕೇಳಿದರು. ಕಡೆಗೆ ಒಂದು ಚರ್ಚಿನಲ್ಲಿ ಹಾಡು ಕಲಿಸುವವರೊಬ್ಬರು ಬೀರುವಿನ ಮೇಲಿಂದ ಧೂಳು ಒರೆಸಿ ತಮ್ಮ ಹಳೇ ಪಿಟೀಲು ಕೊಟ್ಟರು. ದೇವರಂಥ ಮನುಷ್ಯ. "ನುಡಿಸಿ ಬಹಳ ವರ್ಷ ಆಯ್ತಮ್ಮ, ಬಿರಡೆ ಸವೆದಿದೆ, ಹುಷಾರು" ಎಂದು ಹೇಳಿಯೇ ಕೊಟ್ಟರು. ಅಕ್ಕ ಜಾರದಿರಲೆಂದು ಬಿರಡೆಗೆ ಸೀಮೆಸುಣ್ಣ ತಿಕ್ಕಿ, ಶ್ರುತಿ ಮಾಡಿ, ಮತ್ತೆ ತಿಕ್ಕಿ, ಮತ್ತೆ ಮಾಡಿ, ಸಂಜೆಯ ಹೊತ್ತಿಗೆ ಬೆರಳು ಕೆಂಪಾಗಿತ್ತು.

ಶ್ರುತಿಪೆಟ್ಟಿಗೆ ನೋಡಿಕೊಳ್ಳುವ ನೆವದಲ್ಲಿ ನಾನು ವೇದಿಕೆಯ ಮೇಲೆ ಅಕ್ಕನ ಬೆನ್ನಿಗೇ ಕೂತಿದ್ದೆ. ಅಪ್ಪ ಮೊದಲ ಸಾಲಿನಲ್ಲಿ, ಒದ್ದೆ ಅಂಗಿಯಲ್ಲಿ. ವಿದುಷಿ ಬಂದರು. ಕ್ಯಾಸೆಟ್ಟಿನ ಚಿತ್ರಕ್ಕಿಂತ ವಯಸ್ಸಾಗಿತ್ತು, ಸ್ವರ ಮಾತ್ರ ಅದೇ. ಅಕ್ಕನ ಕಡೆ ತಿರುಗಿ ನಕ್ಕರು. ಮೊದಲ ಕೃತಿಯಲ್ಲಿ ಅಕ್ಕ ಅವರ ಹಿಂದೆ ಹಿಂದೆ ಎಷ್ಟು ಚಂದ ಹೋದಳೆಂದರೆ, ಅವರು ಹಾಡುತ್ತಲೇ "ಭೇಷ್" ಎಂದರು. ನಾನು ಅಪ್ಪನನ್ನು ನೋಡಿದೆ. ಅಪ್ಪ ತೊಡೆ ತಟ್ಟುತ್ತಿದ್ದರು.

ಎರಡನೆಯ ಕೃತಿಯ ನಡುವೆ ಬಿರಡೆ ಕರ್ರೆಂದು ಜಾರಿತು. ಅಕ್ಕ ಒತ್ತಿ ತಿರುಗಿಸಿ ಸರಿಮಾಡಿದಳು. ಮತ್ತೆ ಜಾರಿತು. ವಿದುಷಿ ನಿಲ್ಲಿಸಿ ಕಾದರು. ಮೃದಂಗದವರು ಚಾವಣಿ ನೋಡಿದರು. ಆಮೇಲೆ ವಿದುಷಿ ತೋಡಿ ಎತ್ತಿಕೊಂಡರು. ಅದೇ ತೋಡಿ. ನಮ್ಮ ಮನೆಯ ಗೋಡೆಗಳಿಗೂ ಬಾಯಿಪಾಠವಾಗಿದ್ದ ಆ ತೋಡಿಯಲ್ಲಿ ಮುಂದೆ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನನಗೂ ಗೊತ್ತಿತ್ತು. ಅಯ್ಯೋ ದೇವರೇ, ಇದೊಂದು ಸಲ, ಇದೊಂದೇ ಸಲ ಬಿರಡೆ ಹಿಡಿದುಕೊಳ್ಳಲಿ, ಆಮೇಲೆ ಬೇಕಾದರೆ ಮುರಿದೇ ಹೋಗಲಿ ಎಂದು ನಾನು ಹಲ್ಲು ಕಚ್ಚಿ ಬೇಡುತ್ತಿದ್ದೆ.

ವಿದುಷಿ ರಾಗ ಮುಗಿಸಿ ಅಕ್ಕನ ಕಡೆ ಕೈ ತೋರಿದರು. ಅಕ್ಕ ಕಮಾನು ಎತ್ತಿದಳು. ಮೊದಲ ಎಳೆತಕ್ಕೇ ತಂತಿ ಸಡಿಲಾಯಿತು. ಅವಳು ತಿರುಗಿಸಿದಳು, ಅದು ಜಾರಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ವಿದುಷಿ ಸ್ವಲ್ಪ ಹೊತ್ತು ನೋಡಿ, 'ಇರಲಿ ಬಿಡು' ಎಂಬಂತೆ ಕೈ ಆಡಿಸಿ, ತಾವೇ ಕೃತಿ ಶುರುಮಾಡಿಬಿಟ್ಟರು. ಮೃದಂಗ ಸೇರಿಕೊಂಡಿತು. ಅಕ್ಕ ಕಮಾನು ಎತ್ತಿದ ಕೈಯಲ್ಲೇ ಕೂತಿದ್ದಳು. ಅವಳ ಬೆನ್ನು ನನಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮುಖ ಕಾಣುತ್ತಿದ್ದದ್ದು ಅಪ್ಪನಿಗೆ. ಅಪ್ಪ ತೊಡೆ ತಟ್ಟುವುದನ್ನು ನಿಲ್ಲಿಸಿದ್ದರು.

ಎಲ್ಲ ಮುಗಿದು, ಶಾಲು ಹೊದಿಸಿ, ಹಣ್ಣು ಕೊಟ್ಟು ಆದ ಮೇಲೆ ನಾವು ನಮಸ್ಕಾರ ಮಾಡಲು ಹೋದೆವು. ಅಪ್ಪನೂ ಬಂದರು, ಚರ್ಚಿನ ಪಿಟೀಲಿನ ಪೆಟ್ಟಿಗೆ ಹಿಡಿದುಕೊಂಡು. ವಿದುಷಿ ಅಕ್ಕನ ತಲೆ ಸವರಿ, "ಕೈ ಚೆನ್ನಾಗಿದೆ ಮಗು. ವಾದ್ಯ ನಿನ್ನದೇನಾ?" ಎಂದು ಕೇಳಿದರು.

ಒಂದು ಮಾತು ಸಾಕಿತ್ತು. ಅಲ್ಲಮ್ಮ, ನನ್ನದು ಒಡೆದುಹೋಯಿತು ಎಂದರೆ ಮುಗಿದಿತ್ತು. ಹೇಗೆ ಒಡೆಯಿತು ಎಂದು ಅವರು ಕೇಳುತ್ತಿದ್ದರು, ಕೇಳಲಿ! ನಾನೇ ಬಾಯಿ ತೆರೆದೆ. ಅಕ್ಕ ಹಿಂದಿನಿಂದ ನನ್ನ ಕೈ ಹಿಡಿದು ಉಗುರು ಊರುವಷ್ಟು ಬಿಗಿಯಾಗಿ ಒತ್ತಿದಳು. ಪಕ್ಕದಲ್ಲಿ ಅಪ್ಪ ತಲೆ ತಗ್ಗಿಸಿ ನಿಂತಿದ್ದರು.

"ಹೌದಮ್ಮ, ನಂದೇ" ಎಂದಳು ಅಕ್ಕ.

ವಿದುಷಿಯ ಮುಖದ ನಗು ಸಣ್ಣದಾಯಿತು. "ವಾದ್ಯಾನ ಹೀಗೆ ಇಟ್ಕೊಂಡ್ರೆ ಅದು ಮಾತು ಕೇಳುತ್ತಾ ಮಗು? ಮೊದಲು ಅದನ್ನ ನೋಡ್ಕೊಳ್ಳೋದು ಕಲಿ" ಎಂದು ಹೇಳಿ ಕಾರು ಹತ್ತಿದರು. ಅವರ ತಪ್ಪೇನೂ ಇಲ್ಲ. ಆದರೂ ಬಹಳ ವರ್ಷ ಅವರ ಮೇಲೆ ಹಲ್ಲು ಕಡಿದೆ. ಬೇರೆ ಯಾರ ಮೇಲೆ ಕಡಿಯಲಿ? ಮೈಸೂರಿನಿಂದ ಕರೆ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಪಿಟೀಲನ್ನು ರಿಪೇರಿ ಮಾಡಿಸಿದೆವು. ಸೀಳಿನ ಜಾಗದಲ್ಲಿ ಅಂಟಿನ ಗೆರೆ ಉಳಿಯಿತು, ಏಲಕ್ಕಿ ವಾಸನೆಯೂ ಉಳಿಯಿತು, ಸ್ವರ ಮಾತ್ರ ವಾಪಸ್ಸು ಬರಲಿಲ್ಲ. ಅಕ್ಕ ಮೂಡಿಗೆರೆಯಲ್ಲಿ ಮಕ್ಕಳಿಗೆ ಸರಳೆ ವರಸೆ ಕಲಿಸಲು ಅದು ಸಾಕಿತ್ತು. ಮಕ್ಕಳು ಅವಳನ್ನು 'ಏಲಕ್ಕಿ ಮಿಸ್ಸು' ಎನ್ನುತ್ತಿದ್ದರು, ಅವಳೂ ನಗುತ್ತಿದ್ದಳು. ತೋಡಿ ಮಾತ್ರ ಮುಟ್ಟಲಿಲ್ಲ. ಅಪ್ಪನಿಗೆ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅಪ್ಪನೂ ಆ ವಿಷಯ ಎತ್ತಲಿಲ್ಲ. ಮೂರು ಜನ ಒಂದೇ ಮನೆಯಲ್ಲಿ ಅದನ್ನು ದಾಟಿಕೊಂಡು ಓಡಾಡುತ್ತಿದ್ದೆವು.

ಎರಡು ಸಾವಿರದ ಇಸವಿ ಕಳೆದು ಸುಮಾರು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಹಳೇ ಟೇಪ್ ರೆಕಾರ್ಡರ್ ಒರೆಸಿ ಆ ಕ್ಯಾಸೆಟ್ಟು ಹಾಕಿದರು. ವಿದುಷಿಯ ತೋಡಿ ಏರಿತು, ಇಳಿಯಿತು, ನಿಂತಿತು. ಸಂಗೀತ ಬಾರದ ಅಪ್ಪ ಸರಿಯಾಗಿ ಆ ಜಾಗದಲ್ಲಿ ಟಕ್ ಎಂದು ಟೇಪು ನಿಲ್ಲಿಸಿದರು. ಎಷ್ಟು ಸಲ ಕದ್ದು ಕೇಳಿ ಕಲಿತಿದ್ದರೋ.

"ಈಗ ನೀನು ಬಾರ್ಸು ಮಗಾ" ಎಂದರು. "ಯಾರೂ ಇಲ್ಲ. ನಾವಿಬ್ರೇ ಇರೋದು."

ಅಕ್ಕ ಹೊರಗೆ ಬಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಪ್ಪನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಗುಂಡಿ ಒತ್ತಿ ಟೇಪು ಹಾಕಿದಳು.

"ಅವ್ರು ಬಾರ್ಸಲಿ ಅಪ್ಪ. ನನ್ನ ಸರದಿ ಅವತ್ತೇ ಹೋಯ್ತು" ಎಂದು ಹೇಳಿ ಒಳಗೆ ಹೋದಳು.

ಟೇಪು ತಿರುಗಿತು. ನಮ್ಮ ಮನೆಯಲ್ಲಿ ಎಂದೂ ಸರದಿ ಸಿಗದಿದ್ದ ಆ ಪುಣ್ಯಾತ್ಮರ ಪಿಟೀಲನ್ನು ನಾನು ಪೂರ್ತಿ ಕೇಳಿದ್ದು ಅವತ್ತೇ ಮೊದಲು. ಬಹಳ ಚೆನ್ನಾಗಿ ನುಡಿಸಿದ್ದರು. ಅಪ್ಪ ಟೇಪ್ ರೆಕಾರ್ಡರ್ ಮೇಲೆ ಕೈಯಿಟ್ಟುಕೊಂಡು, ಅದು ಮುಗಿಯುವವರೆಗೂ ಅತ್ತರು.