ವಾಸನೆ ಬಾರದ ಬಾಡು

ಮಾರೇನಹಳ್ಳಿಯ ಆ ಮನೆಗೆ ಬರುವ ಮೊದಲೇ ನಾವು ಎರಡು ಬಾಡಿಗೆ ಮನೆ ಕಳೆದುಕೊಂಡಿದ್ದೆವು. ಒಂದು ಮೀನಿನ ಸಾರಿನ ದೆಸೆಯಿಂದ, ಇನ್ನೊಂದು ಕಸದ ಬುಟ್ಟಿಯಲ್ಲಿ ಸಿಕ್ಕಿಬಿದ್ದ ಕೋಳಿ ಮೂಳೆಯಿಂದ. ಹಾಗಾಗಿ ಮೂರನೆಯ ಮನೆಯ ಓನರ್ ಆಂಟಿ, "ನೀವು ತಿಂತೀರೇನು?" ಎಂದು ಕೇಳಿದಾಗ ನನ್ನ ಗಂಡ ಕಣ್ಣು ಮಿಟುಕಿಸದೆ, "ಛೆ, ನಮ್ಮಲ್ಲಿ ಅದೆಲ್ಲ ಇಲ್ಲ ಆಂಟಿ" ಎಂದುಬಿಟ್ಟರು. ಏನನ್ನು ತಿನ್ನುವುದು ಎಂದು ಅವರು ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಅಷ್ಟು ಸಾಕು.

ಆಂಟಿ ದಾವಣಗೆರೆ ಕಡೆಯವರು. ಬೆಳಗಾದರೆ ಲಿಂಗಪೂಜೆ, ಅದು ಮುಗಿದರೆ ಇಡೀ ಬೀದಿಯ ವಿಚಾರಣೆ. ಕೆಳಗಿನ ಮನೆಯಲ್ಲಿ ಕೂತು ನಮ್ಮ ಒಗ್ಗರಣೆಗೆ ಬೆಳ್ಳುಳ್ಳಿ ಬಿತ್ತೇ ಇಲ್ಲವೇ ಎಂದು ಹೇಳಬಲ್ಲ ಮೂಗು ಅವರದು. ಆದರೆ ಮನೆಗೆ ಕಾವೇರಿ ನೀರು ಬರುತ್ತಿತ್ತು, ಮಗಳ ಸ್ಕೂಲು ಪಕ್ಕದ ರಸ್ತೆಯಲ್ಲೇ ಇತ್ತು. "ಈ ಮನೇನೂ ಕಳೆದ್ರೆ ನಾನು ಮತ್ತೆ ಪಾತ್ರೆ ಪಗಡೆ ಕಟ್ಟಲ್ಲ, ನಮ್ಮಮ್ಮನ ಮನೆಗೆ ಹೋಗ್ತೀನಿ" ಎಂದು ಗಂಡನಿಗೆ ಹೇಳಿಟ್ಟಿದ್ದೆ.

ಕೆಲವು ತಿಂಗಳು ಅವರು ಬೇಳೆ ಸಾರು ತಿಂದು ಬಾಳಿದರು. ಆಮೇಲೆ ಮುಖ ಬಾಡತೊಡಗಿತು. ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಮನುಷ್ಯ. ಚಿಕ್ಕವರಿದ್ದಾಗ ಮೊದಲ ಮಳೆಗೆ ಹುತ್ತದಿಂದ ಏಳುವ ಈಸಲು ಹುಳವನ್ನು ಹಿಡಿದು, ಹುರಿದು, ಕಡಲೆಪುರಿಯ ಜೊತೆ ತಿಂದವರು. ಒಂದು ಭಾನುವಾರ ಪೇಪರಿನಲ್ಲಿ, ಯಾವುದೋ ದೇಶದ ಜನ ಮನೆಯಲ್ಲೇ ಹುಳ ಸಾಕಿ ತಿನ್ನುತ್ತಾರೆ ಎಂದು ಓದಿದ್ದೇ ತಡ, ಮಾಗಡಿ ರಸ್ತೆಯ ಅಕ್ವೇರಿಯಂ ಅಂಗಡಿಗೆ ಓಡಿದರು. ಅಲ್ಲಿ ಮೀನಿಗೆ ಹಾಕಲು ಮಾರುವ ಹಳದಿ ಹುಳಗಳನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದರು.

"ಮೂಳೆ ಇಲ್ಲ, ವಾಸನೆ ಇಲ್ಲ, ಕೂಗಲ್ಲ. ಬಾಡಿಗೆ ಮನೆಯವ್ರಿಗೆ ಅಂತಾನೇ ದೇವರು ಮಾಡಿರೋ ಬಾಡು ಕಣೇ" ಎಂದರು.

ನನಗೆ ಹುಳಕ್ಕಿಂತ ಹೆಚ್ಚು ಉರಿದದ್ದು, ಅವಕ್ಕೆ ಹಾಸಿಗೆಯೂ ಊಟವೂ ಆಗಲೆಂದು ಇವರು ನನ್ನ ಬನ್ಸಿ ರವೆಯನ್ನೆಲ್ಲ ಎರಡು ಪ್ಲಾಸ್ಟಿಕ್ ಬೇಸಿನ್‌ಗೆ ಸುರಿದದ್ದು. ಬಾಯಿಗೆ ಬಂದಂತೆ ಬೈದೆ. ಅವರು ಕಿವಿಗೆ ಹಾಕಿಕೊಳ್ಳದೆ, ತೇವಕ್ಕೆಂದು ಕ್ಯಾರೆಟ್ ಹೋಳು ಇಟ್ಟು, ಬೇಸಿನ್‌ಗಳನ್ನು ಅಡುಗೆಮನೆ ಹಿಂದಿನ ಯುಟಿಲಿಟಿಯ ಕತ್ತಲೆ ಮೂಲೆಗೆ ತಳ್ಳಿದರು. ಹುಳ ದುಂಬಿಯಾಯಿತು, ದುಂಬಿ ಮೊಟ್ಟೆಯಿಟ್ಟಿತು, ಮತ್ತೆ ಹುಳವಾಯಿತು. ಒಂದು ದಿನ ಅವರೇ ಬಾಣಲೆಯಲ್ಲಿ ಗರಿಗರಿಯಾಗಿ ಹುರಿದು, ಉಪ್ಪು, ಖಾರದಪುಡಿ, ಕರಿಬೇವು ಹಾಕಿ ತಂದರು. ಮೊದಲನೆಯದನ್ನು ನಾನು ಕಣ್ಣು ಮುಚ್ಚಿ ತಿಂದೆ. ಎರಡನೆಯದಕ್ಕೆ ಮುಚ್ಚುವ ಅಗತ್ಯ ಬೀಳಲಿಲ್ಲ. ಕೆಳಗಿನಿಂದ ಆಂಟಿ, "ಶೇಂಗಾ ಹುರಿತಾ ಇದೀಯೇನವ್ವಾ, ಘಮಘಮ ಅಂತೈತೆ" ಎಂದರು. ಹೂಂ ಎಂದೆ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ಹಾಡಲು ಬಾರದು, ರಂಗೋಲಿ ವಕ್ರ, ನಾಲಿಗೆ ಉದ್ದ. ಆದರೆ ನನ್ನ ಅಡುಗೆಮನೆಯ ಡಬ್ಬಿಯಲ್ಲಿ ಒಂದು ಹುಳ ಕಂಡವರಿಲ್ಲ. ಕೆಂಗೇರಿಯ ತವರಲ್ಲಿ ಅಮ್ಮ ರವೆ ಹುರಿಯದೆ ಡಬ್ಬಿಗೆ ತುಂಬಿದವಳಲ್ಲ, ನಾನೂ ಅಷ್ಟೇ. ಅದೊಂದೇ ನನ್ನ ಜಂಬ.

ಒಂದು ಬೆಳಿಗ್ಗೆ ನಾನು ರಾಜಾಜಿನಗರಕ್ಕೆ ಹೋಗಿದ್ದಾಗ, ಟ್ಯಾಂಕಿನ ವಾಲ್ವ್ ತಿರುಗಿಸಲು ಆಂಟಿ ತಮ್ಮ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ನಮ್ಮ ಯುಟಿಲಿಟಿಗೆ ಬಂದರು. ಬೇಸಿನ್ ತುಂಬ ರವೆ, ರವೆ ತುಂಬ ಹುಳ. ಹುಳ ಬಿದ್ದ ರವೆಗೆ ನಮ್ಮ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಅವರು ಮಾಡಿದರು. ನಾನು ವಾಪಸು ಬರುವಷ್ಟರಲ್ಲಿ ಟೆರೇಸಿನ ಮೇಲೆ ಅವರ ಯಜಮಾನರ ಬಿಳಿ ಪಂಚೆ ಹಾಸಿ, ಅದರ ಮೇಲೆ ನಮ್ಮ ಬಾಡನ್ನೆಲ್ಲ ತೆಳ್ಳಗೆ ಹರವಿ, ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದರು. ಹುಳಗಳು ಬಿಸಿಲು ತಾಳದೆ ನಾಲ್ಕು ದಿಕ್ಕಿಗೂ ಹೊರಟಿದ್ದವು. ಕಾಗೆ, ಗೊರವಂಕಗಳು ಅವನ್ನು ಹೆಕ್ಕುತ್ತಿದ್ದವು.

"ಕೊಲ್ಲಬಾರ್ದು ನೋಡವ್ವಾ, ಬಿಸಿಲಿಗೆ ತಾವೇ ಹೋಗ್ತಾವೆ" ಎಂದರು ಆಂಟಿ. ಆಮೇಲೆ ಬಟ್ಟೆ ಒಣಹಾಕುತ್ತಿದ್ದ ಅಕ್ಕಪಕ್ಕದ ಟೆರೇಸಿನವರಿಗೆಲ್ಲ ಕೇಳುವಂತೆ, "ಇಷ್ಟು ಹುಳ ನಾ ಹುಟ್ಟಿದಾಗಿಂದ ಕಂಡಿಲ್ಲ. ಜರಡಿ ಅಂತ ಒಂದು ಇರ್ತದೆ, ಗೊತ್ತೇನು?" ಎಂದರು.

ಹೆಂಗಸರು ನನ್ನನ್ನು ನೋಡಿ ಮುಖ ತಿರುಗಿಸಿ ನಕ್ಕರು. ನನಗೆ ನಖಶಿಖಾಂತ ಉರಿಯಿತು. ಮನೆ ಹೋಗುತ್ತದೆ ಎಂಬುದೂ ಮರೆತುಹೋಯಿತು.

"ಅದು ಹುಳ ಬಿದ್ದ ರವೆ ಅಲ್ಲ ಆಂಟಿ" ಎಂದೆ. "ಹುಳಕ್ಕೇ ಅಂತ ಹಾಕಿದ ರವೆ. ನಾವೇ ಸಾಕಿದ್ದು. ಹುರ್ಕೊಂಡು ತಿಂತೀವಿ."

ಅಷ್ಟರಲ್ಲಿ ಊಟಕ್ಕೆಂದು ಮನೆಗೆ ಬಂದ ಗಂಡ, ನಮ್ಮ ದನಿ ಕೇಳಿ ಮೇಲೆ ಬಂದವರು, ಮೆಟ್ಟಿಲಲ್ಲೇ ನಿಂತುಬಿಟ್ಟರು. ಆಂಟಿ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಒಪ್ಕೊಳ್ಳೋಕೆ ನಾಚಿಕೆ ಆದ್ರೆ ಸುಮ್ನಿದ್ದುಬಿಡವ್ವಾ. ಇಂಥಾ ಸುಳ್ಳು ಹೇಳಬ್ಯಾಡ" ಎಂದು, ಗಂಡನತ್ತ ತಿರುಗಿ, "ಏನಪ್ಪಾ, ನಿನ್ನ ಹೆಂಡ್ತಿ ಹೇಳೋದು ಖರೇನಾ?" ಎಂದು ಕೇಳಿದರು.

ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ಎಲ್ಲಿಯ ಮಾತು ಆಂಟಿ. ಡಬ್ಬಿ ಮುಚ್ಚೋ ಅಭ್ಯಾಸಾನೇ ಇಲ್ಲ ಇವಳಿಗೆ" ಎಂದರು.

ಎಷ್ಟೋ ದಿನ ಅವರೊಂದಿಗೆ ಮಾತು ಬಿಟ್ಟೆ. "ಮನೆ ಉಳೀತಲ್ಲೇ" ಎನ್ನುತ್ತಿದ್ದರು. ಉಳಿಯಿತು, ನಿಜ. ಮಗಳ ಸ್ಕೂಲು ಮುಗಿಯುವವರೆಗೂ ಅಲ್ಲೇ ಇದ್ದೆವು. ಅಷ್ಟು ಕಾಲವೂ ನಾನು ಅಂಗಡಿಯಿಂದ ದಿನಸಿ ತಂದಾಗಲೆಲ್ಲ ಆಂಟಿ ಗೇಟಿನ ಬಳಿಯೇ ಕೈ ಚಾಚಿ, ರವೆಯ ಪೊಟ್ಟಣ ಇಸಿದುಕೊಂಡು, ಜಗುಲಿಯ ಮೇಲೆ ಕೂತು ತಾವೇ ಜರಡಿ ಹಿಡಿದುಕೊಡುತ್ತಿದ್ದರು. ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿರುವಾಗ, ಅದು ಮುಗಿಯುವವರೆಗೂ ನಾನು ಚೀಲ ಹಿಡಿದು ನಿಂತಿರುತ್ತಿದ್ದೆ.