ಕಿಟಕಿಯಿಂದ ಕೂಗಿದ ತೂಕ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಹೆರಿಗೆ ಆಸ್ಪತ್ರೆಯ ದಾದಿ ತಕ್ಕಡಿಯ ತಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ತಿಂಗಳುಗಟ್ಟಲೆ ಅದರಲ್ಲಿ ಮಗು ಮಲಗಿರಲಿಲ್ಲ. ಆದರೂ ವಾರಕ್ಕೊಮ್ಮೆ ಒರೆಸಿ, ತೂಕದ ಬಟ್ಟು ಇಟ್ಟು, ಮುಳ್ಳು ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡುವುದನ್ನು ಅವಳು ಬಿಟ್ಟಿರಲಿಲ್ಲ.

ಬೀದಿಯಲ್ಲಿ ಅವಳಿಗೆ ತೂಕದಕ್ಕ ಎಂದೇ ಹೆಸರು. ಸೋಂಕಿನ ಭಯಕ್ಕೆ ಮನೆಯವರನ್ನು ಹೆರಿಗೆ ಕೋಣೆಗೆ ಬಿಡುತ್ತಿರಲಿಲ್ಲ. ಅವರು ಕೆಳಗೆ ಬೀದಿಯಲ್ಲಿ ಕಾಯುತ್ತಿದ್ದರು. ಮಗುವನ್ನು ತೂಗಿದ ಕೂಡಲೇ ಅವಳು ಕಿಟಕಿ ತೆರೆದು, ಗಂಡೋ ಹೆಣ್ಣೋ ಎನ್ನುವ ಮೊದಲೇ ತೂಕ ಕೂಗುತ್ತಿದ್ದಳು. ಕೆಳಗಿನಿಂದ ಅಪ್ಪನೋ ಅಜ್ಜಿಯೋ "ನಮ್ಮದು!" ಎಂದು ಓಗೊಡಬೇಕು. ಅಲ್ಲಿಯವರೆಗೆ ಕಿಟಕಿ ಮುಚ್ಚುವಂತಿಲ್ಲ.

ಒಂದು ಊರಿನ ಜನಸಂಖ್ಯೆ ಬದಲಾಗಲು ದಾರಿ ನಾಲ್ಕೇ: ಹುಟ್ಟುವುದು, ಸಾಯುವುದು, ಬರುವುದು, ಹೋಗುವುದು. ನಾಲ್ಕನ್ನೂ ಅವಳು ಆ ಒಂದೇ ಕಿಟಕಿಯಲ್ಲಿ ಕಂಡಿದ್ದಳು. ನೂಲಿನ ಗಿರಣಿ ಶುರುವಾದಾಗ ಪ್ರಾಯದ ಗಂಡಹೆಂಡಿರು ಎಲ್ಲೆಲ್ಲಿಂದಲೋ ಬಂದರು. ತೊಟ್ಟಿಲು ಸಾಲದೆ ಕೂಸುಗಳನ್ನು ಎರಡೆರಡಾಗಿ ಮಲಗಿಸಬೇಕಾಯಿತು. ಲಸಿಕೆಯೂ ಶುದ್ಧ ನೀರೂ ಬಂದ ಮೇಲೆ ಹುಟ್ಟಿದ ಮಕ್ಕಳು ಉಳಿದವು. ಉಳಿಯುತ್ತವೆಂಬ ಧೈರ್ಯ ಬಂದ ಮೇಲೆ ಜನ ಎರಡೇ ಸಾಕೆಂದರು. ಹುಡುಗಿಯರು ಓದಿ ಕೆಲಸಕ್ಕೆ ಸೇರಿ ತಡವಾಗಿ ಮದುವೆಯಾದರು. ಆಮೇಲೆ ಗಿರಣಿ ಮುಚ್ಚಿತು. ಪ್ರಾಯದವರು ಹೋದರು, ಅವರಿಗೆ ಹುಟ್ಟಬೇಕಾಗಿದ್ದವರೂ ಜೊತೆಗೇ ಹೋದರು. ಹಾಗೆ ಹೋದವರಲ್ಲಿ ಅವಳ ಮಗಳೂ ಒಬ್ಬಳು. ಮೊಮ್ಮಗನ ತೂಕ ಫೋನಿನಲ್ಲಿ ಬಂತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅವಳು "ನಮ್ಮದು" ಎಂದಳು.

ತಟ್ಟೆ ಒರೆಸಿ ಮುಗಿಯುವ ಮೊದಲೇ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಹಣ್ಣಿನ ಶೈತ್ಯಾಗಾರಕ್ಕೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ, ತುಂಬು ಬಸುರಿ. ಅವಳ ಊರು ಹೊಳೆಯ ಪಾಲಾಗಿತ್ತು. ಗಂಡ ಲಾರಿಯ ಜೊತೆ ದೂರ ಹೋಗಿದ್ದ.

ನೋವಿನ ನಡುವೆ ಅವಳು ತೂಕದಕ್ಕನ ಕೈ ಹಿಡಿದಳು. "ಅಕ್ಕಾ, ನೀವು ಕಿಟಕೀಲಿ ಕೂಗ್ತೀರಂತೆ. ನನ್ನ ಮಗೂಗೆ ಕೂಗ್ಬೇಡಿ."

"ಯಾಕೆ?"

"ಕೆಳಗೆ ನಮ್ಮೋರು ಯಾರೂ ಇಲ್ಲ. ಯಾರೂ ಓಗೊಡದೇ ಹೋದ್ರೆ ನಂಗೆ ತಡ್ಕೊಳ್ಳೋಕಾಗಲ್ಲ."

"ಮೊದ್ಲು ಹೆರು ತಾಯಿ. ಆಮೇಲೆ ನನಗೆ ಕೆಲಸ ಕಲಿಸುವೆಯಂತೆ."

ಸಂಜೆಯ ಬಿಸಿಲು ಗೋಡೆಗೇರುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ತಟ್ಟೆಯಲ್ಲಿಟ್ಟಾಗ ಮುಳ್ಳು ಅಲುಗಾಡಿ ನಿಂತಿತು. ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ತೂಕದಕ್ಕ ಒಂದು ಕ್ಷಣ ಅನುಮಾನಿಸಿದಳು. ಕೂಗದಿದ್ದರೆ ಇದೊಂದು ಮಗು ಮಾತ್ರ ಸದ್ದಿಲ್ಲದೆ ಊರಿಗೆ ಬಂದಂತಾಗುತ್ತದೆ. ಕೂಗಿ, ಓಗೊಡುವವರೇ ಇಲ್ಲದಿದ್ದರೆ? ಮಗುವನ್ನು ತಾಯಿಯ ಪಕ್ಕ ಮಲಗಿಸಿ, ಬಿಗಿದುಕೊಂಡಿದ್ದ ಚಿಲಕವನ್ನು ಗುದ್ದಿ ತೆಗೆದಳು. ತೂಕ ಕೂಗಿದಳು.

ಬೀದಿ ಸುಮ್ಮನಿತ್ತು. ಹಾಸಿಗೆಯ ಮೇಲಿದ್ದವಳು ಕಣ್ಣು ಮುಚ್ಚಿಕೊಂಡಳು.

ಎದುರು ಅಂಗಡಿಯ ಕೊಡೆ ರಿಪೇರಿ ಮುದುಕ ಕತ್ತೆತ್ತಿದ. "ಯಾರ ಮನೇದಮ್ಮಾ?"

"ಅದನ್ನ ನೀವು ಹೇಳ್ಬೇಕು, ನಾನಲ್ಲ!"

ಮುದುಕ ಮೇಲೆ ನೋಡಿದ, ಕೈಯಲ್ಲಿದ್ದ ಕೊಡೆಯನ್ನು ಕೆಳಗಿಟ್ಟು ಎದ್ದು ನಿಂತ. "ನಮ್ಮದು!"

ತಕ್ಷಣ ಅಂಗಡಿಯ ಮೇಲಿನ ಮಹಡಿಯಿಂದ ಅವನ ಹೆಂಡತಿ ಇಣುಕಿದಳು. "ಈ ವಯಸ್ಸಲ್ಲಿ ಅದೇನು 'ನಮ್ಮದು'ರೀ? ನನ್ನನ್ನ ಒಂದು ಮಾತು ಕೇಳಿದ್ರಾ?" ಆಮೇಲೆ ತಾನೇ ಕಿಟಕಿಯಿಂದ ಬಾಗಿ, ಗಂಡನಿಗಿಂತ ಜೋರಾಗಿ ಕೂಗಿದಳು: "ನಮ್ಮದು!"

ಹಾಸಿಗೆಯಲ್ಲಿದ್ದವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಒಂದೊಂದೇ ಬಾಗಿಲು ತೆರೆಯಿತು. ಊರುಗೋಲುಗಳು, ಕನ್ನಡಕಗಳು, ಮಂಡಿನೋವುಗಳು ಹೊರಗೆ ಬಂದವು. ಮೂಲೆಮನೆಯ ಕಿವುಡಜ್ಜ ಕಿವಿಗೆ ಅಂಗೈ ಆನಿಸಿ ಕೇಳಿದ, "ಎಷ್ಟಂದೆ? ನಂಗೆ ಕೇಳಿಸ್ಲಿಲ್ಲ! ಇನ್ನೊಂದ್ಸಲ ಕೂಗೇ!"

ತೂಕದಕ್ಕ ಒಳಗೆ ತಿರುಗಿ ನೋಡಿದಳು. ತಾಯಿ ಈಗ ಗೋಡೆಯ ಕಡೆ ತಿರುಗಿರಲಿಲ್ಲ. "ಕೂಗಿ ಅಕ್ಕಾ," ಎಂದಳು.

ತೂಕದಕ್ಕ ಕಿಟಕಿಯ ಎರಡೂ ಬಾಗಿಲು ಪೂರ್ತಿ ತೆರೆದಳು.

"ಎರಡು ಕಿಲೋ ಎಂಟುನೂರು!"