ದನದ ತೊಟ್ಟಿಗೆ ಬಿದ್ದ ಬಾಂಬು

ಎಮಿಲ್ ಹ್ರುಸ್ಕ ಅಮೆರಿಕದ ನೆಬ್ರಾಸ್ಕದ ಹೈಸ್ಕೂಲೊಂದರಲ್ಲಿ ರೇಖಾಗಣಿತ ಹೇಳಿಕೊಡುತ್ತಿದ್ದವನು. ಎರಡನೇ ಮಹಾಯುದ್ಧ ಬಂದಾಗ ಸೈನ್ಯ ಸೇರಿ, ವಿಮಾನದಿಂದ ಬಾಂಬು ಹಾಕುವ ವಿದ್ಯೆಯಲ್ಲಿ ತರಗತಿಗೇ ಮೊದಲಿಗನಾದ. ಅದೇ ಅವನಿಗೆ ಮುಳುವಾಯಿತು. ಜೊತೆಯವರು ಇಂಗ್ಲೆಂಡಿನ ಹಡಗು ಹತ್ತಿದರೆ ಇವನನ್ನು ಪಶ್ಚಿಮ ಟೆಕ್ಸಾಸಿನ ಆ ತರಬೇತಿ ಶಾಲೆಯಲ್ಲೇ ಮೇಷ್ಟ್ರಾಗಿ ಉಳಿಸಿಕೊಂಡರು. ಯುದ್ಧಕ್ಕೆ ಕಳಿಸಿ ಎಂದು ಕೇಳಿದಾಗಲೆಲ್ಲ ಶಾಲೆಯ ಮೇಜರು ನಗುತ್ತಿದ್ದರು.

"ನೀನು ಹೋದ್ರೆ ಒಬ್ಬ ಹೋದಂಗೆ. ಇಲ್ಲೇ ಇದ್ರೆ ನೂರು ಜನರನ್ನ ಕಳಿಸ್ತೀಯ."

ಬೆಳಿಗ್ಗೆ ಕಲಿಯಲು ಬಂದ ಕೆಡೆಟ್ಟುಗಳನ್ನು ಗಾಲಿ ಹಚ್ಚಿದ ಎತ್ತರದ ಅಟ್ಟಣೆಯ ಮೇಲೆ ಕೂರಿಸಿ ನೆಲದ ಗುರುತಿಗೆ ಗುರಿ ಹಿಡಿಸುವುದು. ಮಧ್ಯಾಹ್ನ ವಿಮಾನದಲ್ಲಿ ಕರೆದೊಯ್ದು, ಬಯಲಲ್ಲಿ ಸುಣ್ಣದಿಂದ ಬರೆದ ವೃತ್ತದೊಳಕ್ಕೆ ಮರಳು ತುಂಬಿದ ಬಾಂಬು ಹಾಕಿಸುವುದು. ಲೆಲ್ಯಾಂಡ್ ಮಾಸ್ ಎಂಬ ಅರ್ಕನ್ಸಾದ ಕೆಡೆಟ್ಟು ಅಟ್ಟಣೆಯ ಮೇಲೆ ಹುಲಿ. ವಿಮಾನದಲ್ಲಿ ಮೇಲೆ ಹೋದರೆ ಕೈ ನಡುಗುತ್ತಿತ್ತು. ಒಂದು ದಿನ ಧೂಳಿನ ಮಬ್ಬಿನಲ್ಲಿ ಅವನ ಬಾಂಬು ಯೂಲಾ ಪ್ರೂಯಿಟ್ ಎಂಬ ವಿಧವೆಯ ದನದ ತೊಟ್ಟಿಗೆ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಇಬ್ಬರೂ ಹೋಗಿ ಸರಿಮಾಡಿ ಬನ್ನಿ ಎಂದು ಮೇಜರು ಅಟ್ಟಿದರು.

ಯೂಲಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಯಾರಪ್ಪ ಆ ಗುರಿಕಾರ?"

"ನಾನೇ ಕಣಮ್ಮ. ತೊಟ್ಟಿ ದುಂಡಗಿತ್ತು, ವೃತ್ತ ಅಂದ್ಕೊಂಡೆ."

"ವೃತ್ತದ ಸುತ್ತ ದನ ನಿಂತು ನೀರು ಕುಡೀತಾವಾ? ಜರ್ಮನಿ ಸಮುದ್ರದ ಆಚೆ ಐತೆ, ಮರೀಬೇಡ!"

ಬಿಸಿಲಲ್ಲಿ ತಗಡು ಬಡಿಯುತ್ತ ಲೆಲ್ಯಾಂಡ್ ಮೆಲ್ಲಗೆ ಕೇಳಿದ, "ನನ್ನ ಫೇಲ್ ಮಾಡ್ತೀರಾ ಸರ್?"

"ಮಾಡ್ಲಾ?"

"ಬೇಡಿ ಸರ್. ಊರಿಗೆ ಮುಖ ತೋರಿಸೋಕಾಗಲ್ಲ."

ಮರುದಿನ ವಿಮಾನದಲ್ಲಿ ಎಮಿಲ್ ಅವನ ಕೈ ನೋಡಲಿಲ್ಲ, ಎದೆ ನೋಡಿದ. ಗುರಿ ಹಿಡಿದಷ್ಟು ಹೊತ್ತೂ ಹುಡುಗ ಉಸಿರು ಬಿಗಿಹಿಡಿದಿದ್ದ. "ಉಸಿರು ಬಿಡೋ ಮಾರಾಯ, ಸತ್ತೋಗ್ತೀಯ!" ಎಂದು ಬೆನ್ನಿಗೊಂದು ಗುದ್ದಿದ. ಅದೊಂದನ್ನೇ ವಾರಗಟ್ಟಲೆ ತಿದ್ದಿದ. ಲೆಲ್ಯಾಂಡ್ ಪಾಸಾಗಿ, ಎದೆಗೆ ಬೆಳ್ಳಿ ರೆಕ್ಕೆಯ ಬಿಲ್ಲೆ ಚುಚ್ಚಿಸಿಕೊಂಡು ಇಟಲಿಗೆ ಹೋದ. ಮುಂದಿನ ವಸಂತದಲ್ಲಿ ಅವನ ವಿಮಾನ ಉರಿದುಬಿದ್ದ ಸುದ್ದಿ ಬಂತು.

ತೊಟ್ಟಿಯ ದಿನ ಆದ ಪರಿಚಯ ಬೆಳೆದು, ಆ ಹೊತ್ತಿಗೆ ಎಮಿಲ್ ಭಾನುವಾರ ತಪ್ಪಿಸದೆ ಯೂಲಾಳ ಮನೆಗೆ ಊಟಕ್ಕೆ ಹೋಗುತ್ತಿದ್ದ. ಸುದ್ದಿ ಬಂದ ವಾರ ತಟ್ಟೆ ಮುಟ್ಟಲಿಲ್ಲ.

"ಫೇಲ್ ಮಾಡಿದ್ರೆ ಬದುಕಿರ್ತಿದ್ದ."

"ಫೇಲ್ ಆಗಿದ್ರೆ ಅಂಥದೇ ವಿಮಾನದ ಬಾಲದಲ್ಲಿ ಬಂದೂಕು ಹಿಡ್ಕೊಂಡು ಕೂತಿರ್ತಿದ್ದ," ಎಂದಳು ಯೂಲಾ. "ನನ್ನ ಮುಂದೆ ಕೊರಗಿದ್ರೆ ಏನು ಬಂತು? ಹೋಗಿ ಅವನ ಹೆತ್ತೋಳನ್ನ ನೋಡು."

ಎಮಿಲನಿಗೆ ಧೈರ್ಯ ಬರಲಿಲ್ಲ. ಯುದ್ಧ ಮುಗಿಯಿತು, ಅವನು ಯೂಲಾಳನ್ನು ಮದುವೆಯಾಗಿ ಅಲ್ಲೇ ಊರ ಶಾಲೆಗೆ ಮೇಷ್ಟ್ರಾಗಿ ಸೇರಿದ. ಮೊದಲ ಬೇಸಿಗೆ ರಜಕ್ಕೆ ಅವಳೇ ಅವನನ್ನು ಅರ್ಕನ್ಸಾದ ರೈಲು ಹತ್ತಿಸಿ ತಾನೂ ಪಕ್ಕದಲ್ಲಿ ಕೂತಳು.

ಎಮಿಲ್ ಹೆಸರು ಹೇಳುತ್ತಲೇ ಲೆಲ್ಯಾಂಡನ ತಾಯಿ ಬಾಗಿಲಲ್ಲೇ ಕೇಳಿದಳು, "ಅವನಿಗೆ ಕಲಿಸಿದೋರು ನೀವೇನಾ?"

"ಹೌದು ತಾಯಿ."

"ಹೆಂಗಿದ್ದ ಅಲ್ಲಿ?"

ಹೊಗಳಿ ಮುಗಿಸಬಹುದಿತ್ತು. ಎಮಿಲ್ ಇದ್ದದ್ದನ್ನೇ ಹೇಳಿದ: "ಮೊದಮೊದಲು ಹೆದರ್ತಿದ್ದ. ಹೆದರ್ಕೊಂಡೇ ಕಲಿತ."

"ನನಗೆ ಕಾಗದದಲ್ಲಿ ಬರೆದಿದ್ದೆಲ್ಲ ಬರೀ ಜಂಬ," ಎಂದು ಆಕೆ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು. "ಒಳಗೆ ಬನ್ನಿ. ಹುರುಳಿಕಾಯಿ ಬೇಯ್ತಾ ಐತೆ, ಉಂಡ್ಕೊಂಡು ಎಲ್ಲಾ ಹೇಳಿ."

ಅವರು ಅಲ್ಲಿ ಎರಡು ದಿನ ಉಳಿದರು.